ಒಂದು ಮೊಳ ಹಳೆಯದು

ನಿನ್ನೆ ಭಾನುವಾರ, ಅಟ್ಟಕ್ಕೆ ಹಾಕೋಣವೆಂದು ಹಳೆಯ ಕಂಪ್ಯೂಟರಿನ ಡಬ್ಬವನ್ನು ಎತ್ತಿದೆ ನೋಡಿ, ಅದರ ಫ್ಯಾನಿನ ಕಿಂಡಿಯಿಂದ ನನ್ನ ಪಂಚೆಯ ಮೇಲೆ ಕುಂಕುಮ ಉದುರಿತು. ಒಂದು ಚಿಟಿಕೆಯಲ್ಲ, ಸಣ್ಣ ಭರಣಿ ತುಂಬುವಷ್ಟು. ಪ್ರತಿವರ್ಷ ಆಯುಧಪೂಜೆಯಲ್ಲಿ ಮಗ್ಗಕ್ಕೆ, ಸ್ಕೂಟರಿಗೆ, ಈಳಿಗೆಮಣೆಗೆ ಹಚ್ಚಿದ ಕೈಯಲ್ಲೇ ಅದಕ್ಕೂ ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಚೆಂಡುಹೂವು ಸಿಕ್ಕಿಸಿದ್ದು ಎಲ್ಲಿಗೆ ಹೋದೀತು? ಅಷ್ಟು ವರ್ಷದ ಭಕ್ತಿಯನ್ನೂ ಒಳಗಿನ ಫ್ಯಾನು ಎಳೆದುಕೊಂಡು ಕೂತಿತ್ತು. ಕುಂಕುಮ, ಧೂಳು, ಸುಟ್ಟ ವೈರು, ಮೂರೂ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಾಗರಾಜ ನೆನಪಾದ.

ನಾಗರಾಜ ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಮನೆ ಅರಿಶಿನಕುಂಟೆಯಲ್ಲಿ. ಹೆದ್ದಾರಿ ಪಕ್ಕದ ಒಂದು ಗೋದಾಮಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ಒಳ್ಳೆಯವನೇ. ಆದರೆ ಯಾವುದನ್ನೂ ಇದ್ದ ಹಾಗೆ ಇರಲು ಬಿಡುವವನಲ್ಲ. ರಿಪೇರಿ ಎಂಬ ಮಾತೇ ಅವನಿಗೆ ಆಗದು. ಬುಡದಿಂದ ಕಿತ್ತು ಹೊಸದಾಗಿ ಶುರುಮಾಡಿದರೇ ಅವನಿಗೆ ನಿದ್ದೆ. ಕಟ್ಟಿ ಎರಡು ವರ್ಷವಾಗದ ಅಡುಗೆಮನೆಯನ್ನು ವಾಸ್ತು ಸರಿಯಿಲ್ಲವೆಂದು ಒಡೆಸಿದ. ಒಂದು ವರ್ಷ ರಾಗಿಮುದ್ದೆ ಬಿಟ್ಟು ಬೇರೇನೂ ಮುಟ್ಟುವುದಿಲ್ಲವೆಂದ, ಮರುವರ್ಷ ನಮ್ಮ ಮನೆಯಲ್ಲಿ ಮುದ್ದೆ ಬಡಿಸಿದರೆ ವಿಷವಿಟ್ಟವರನ್ನು ನೋಡುವ ಹಾಗೆ ನೋಡಿದ. ಇನ್ನು ಫೋನ್ ನಂಬರು. ನನ್ನ ಫೋನಿನಲ್ಲಿ ‘ನಾಗರಾಜ’, ‘ನಾಗರಾಜ ಹೊಸದು’, ‘ನಾಗರಾಜ ಹೊಸದು ಎರಡು’, ‘ನಾಗರಾಜ ಇದೇ ಕರೆಕ್ಟು’ ಎಂದು ನಾಲ್ಕು ಜನ ಇದ್ದಾರೆ. ನಾಲ್ಕಕ್ಕೂ ಮಾಡಿ ಸೋತ ಮೇಲೆ ಅವನ ಹೆಂಡತಿಗೆ ಮಾಡುತ್ತೇನೆ.

ಅವನ ಜೊತೆ ದೇವನಹಳ್ಳಿ ಕಡೆ ಹೋಗುವುದೆಂದರೆ ನನಗೆ ಹಿಂಸೆ. ದ್ರಾಕ್ಷಿ ಚಪ್ಪರ ಕಿತ್ತು, ಬದು ಒಡೆದು, ನೆಲವನ್ನು ಸಪಾಟು ಮಾಡಿ, ಲೇಔಟಿಗೆಂದು ನಾಲಿಗೆ ತಿರುಗದ ಪರದೇಶದ ಹೆಸರಿನ ಕಮಾನು ನಿಲ್ಲಿಸಿರುತ್ತಾರಲ್ಲ, ಅದನ್ನು ಕಂಡರೆ ಗಾಡಿ ನಿಲ್ಲಿಸಿ ಕೈಕಟ್ಟಿ ನೋಡುತ್ತಾನೆ. “ಕ್ಲೀನ್ ಅಂದ್ರೆ ಇದಣ್ಣ! ಒಂದು ಕಡ್ಡಿ ಉಳಿಸಿಲ್ಲ ನೋಡು” ಎನ್ನುತ್ತಾನೆ. ನಾನು ಹೂಂ ಎಂದು ಬೇರೆ ಕಡೆ ನೋಡುತ್ತೇನೆ.

ನಾನೇನು ಕಮ್ಮಿ ಎಂದುಕೊಳ್ಳಬೇಡಿ. ನನ್ನ ರೋಗ ತಿರುಗುಮುರುಗು, ಅಷ್ಟೇ. ಹಳೆಯದರ ಮೇಲೆ ಹೊಸದನ್ನು ಹೇರುವವನು ನಾನು. ದೊಡ್ಡಬಳ್ಳಾಪುರದ ನಮ್ಮ ಮನೆಗೆ ನೀವು ಬಂದರೆ ಗೊತ್ತಾದೀತು. ಕೆಳಗೆ ಎರಡು ಮಗ್ಗ, ಅದರ ಮೇಲೆ ಅಪ್ಪ ಹಾಕಿಸಿದ ಶೀಟಿನ ರೂಮು, ಶೀಟನ್ನು ಕೀಳಲು ಮನಸ್ಸು ಬಾರದೆ ಅದನ್ನು ಒಳಗಿಟ್ಟುಕೊಂಡೇ ನಾನು ಎಬ್ಬಿಸಿದ ಮಹಡಿ. ಮಹಡಿಗೆ ಮೆಟ್ಟಿಲಿಡಲು ಜಾಗ ಉಳಿದದ್ದು ಬಚ್ಚಲಿನಲ್ಲಿ. ಆದ್ದರಿಂದ ಮೇಲೆ ಹೋಗುವವರು ಮೊದಲು ಬಚ್ಚಲ ಬಾಗಿಲು ತಟ್ಟಿ, ಒಳಗೆ ಯಾರೂ ಸ್ನಾನಕ್ಕೆ ಕೂತಿಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತಬೇಕು. ನಮ್ಮ ಬೀದಿಯೂ ನನ್ನ ಹಾಗೆಯೇ. ಹಳೆಯ ಟಾರಿನ ಮೇಲೆ ಹೊಸ ಟಾರು, ಅದರ ಮೇಲೆ ಮತ್ತೊಂದು. ಚಿಕ್ಕಂದಿನಲ್ಲಿ ಮೂರು ಮೆಟ್ಟಿಲು ಹತ್ತಿ ಮನೆಯೊಳಗೆ ಹೋಗುತ್ತಿದ್ದೆವು, ಈಗ ಎರಡು ಮೆಟ್ಟಿಲು ಇಳಿದು ಹೋಗುತ್ತೇವೆ. ಮನೆ ಕುಸಿದಿಲ್ಲ, ರಸ್ತೆ ಅಪ್‌ಗ್ರೇಡ್ ಆಗಿದೆ.

ನಮ್ಮ ಕಸುಬು ಸೀರೆಯ ಅಂಚಿನ ಡಿಸೈನು. ಮೊದಲು ಚೌಕುಳಿ ಹಾಳೆಯ ಮೇಲೆ ಒಂದೊಂದು ಚೌಕದ ಮನೆಯನ್ನೂ ತುಂಬಿ ಬರೆಯುತ್ತಿದ್ದೆವು, ಆಮೇಲೆ ಕಂಪ್ಯೂಟರ್ ಬಂತು. ಬರೆದದ್ದನ್ನು ಊರಿನ ಮಗ್ಗದ ಯಜಮಾನರಿಗೂ ಬೆಂಗಳೂರಿನ ಪೇಟೆ ಅಂಗಡಿಗಳಿಗೂ ಒಯ್ದು ಕೊಡುತ್ತೇನೆ. ಊರಿನಲ್ಲಿ ನನ್ನನ್ನು ‘ಡಿಸೈನ್ ಮೇಷ್ಟ್ರು’ ಎನ್ನುತ್ತಾರೆ. ಈಗ ನಿಮ್ಮ ಮುಂದೆ ಮುಚ್ಚುಮರೆ ಯಾಕೆ? ಡಿಸೈನ್ ಮಾಡುತ್ತಿದ್ದವಳು ನನ್ನ ಹೆಂಡತಿ ಸುಮಿತ್ರ. ಒಯ್ಯುತ್ತಿದ್ದವನು, ಕೊಡುತ್ತಿದ್ದವನು, “ಏನ್ ಕೈ ಮೇಷ್ಟ್ರೇ ನಿಮ್ದು!” ಎಂದು ಹೊಗಳಿಸಿಕೊಂಡು ಕಾಫಿ ಕುಡಿದು ಬರುತ್ತಿದ್ದವನು ನಾನು. ಅದು ಸುಳ್ಳು ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ಗಂಡಹೆಂಡಿರಲ್ಲಿ ನಿಂದು ನಂದು ಏನು ಎಂಬ ದೊಡ್ಡ ಮಾತು ಇಂಥ ಕಡೆಯೇ ಒದಗಿಬರುವುದು.

ಕೆಲವು ವರ್ಷಗಳ ಹಿಂದೆ ಪೇಟೆಯ ಒಂದು ದೊಡ್ಡ ಅಂಗಡಿಯವರು, ಇದುವರೆಗೆ ಎಲ್ಲೂ ನೇಯದ ಹನ್ನೆರಡು ಅಂಚು ಬೇಕು, ಒಟ್ಟಿಗೆ ಕೊಡಿ ಎಂದು ಕೇಳಿದರು. ಸುಮಿತ್ರ ಒಂದು ವರ್ಷ ಕೂತಳು. ಮಿಕ್ಕ ಕೆಲಸವೆಲ್ಲ ಮುಗಿದ ಮೇಲೆ, ಮಧ್ಯಾಹ್ನ ಮಗ್ಗದ ಸದ್ದಿನ ನಡುವೆ, ಒಂದೊಂದೇ ಮನೆ ತುಂಬುತ್ತ ಹನ್ನೆರಡನ್ನೂ ಮುಗಿಸಿದಳು. ಮುಗಿಸಿದ ದಿನ ಕೇಳಿದಳು. “ರೀ, ಈ ಸಲ ಕೊಡುವಾಗ ಸುಮಿತ್ರ ಮಾಡಿದ್ದು ಅಂತ ಒಂದ್ಮಾತು ಹೇಳ್ತೀರಾ?”

“ನೋಡೋಣ ಬಿಡೇ” ಎಂದೆ.

ಪೆನ್‌ಡ್ರೈವಿಗೆ ಹಾಕಿಡಿ ಎಂದೂ ಎರಡು ಸಲ ಹೇಳಿದಳು. ಪೆನ್‌ಡ್ರೈವಿನ ತುಂಬ ಅಮ್ಮನ ಭಜನೆಗಳಿದ್ದವು. ದೇವರ ನಾಮ ಅಳಿಸುವುದು ಹೇಗೆ ಎಂದು ನಾನು ಅದಕ್ಕೂ ನೋಡೋಣ ಎಂದೆ.

ಅಷ್ಟರಲ್ಲಿ ಕಂಪ್ಯೂಟರಿಗೆ ವಯಸ್ಸಾಗಿತ್ತು. ಮೊದಲೇ ಅದು ಸೆಕೆಂಡ್ ಹ್ಯಾಂಡ್ ಡಬ್ಬ. ಬೆಳಿಗ್ಗೆ ಸ್ವಿಚ್ ಹಾಕಿ, ಹಾಲು ತಂದು, ಪೇಪರು ಓದಿ, ಸ್ನಾನ ಮುಗಿಸಿ ಬಂದರೆ ಆಗ ಕಣ್ಣು ಬಿಡುತ್ತಿತ್ತು. ದಿನಕ್ಕೆ ಹತ್ತು ಸಲ ಪರದೆಯ ಮೂಲೆಯಲ್ಲಿ, ನಿಮ್ಮ ಆಪರೇಟಿಂಗ್ ಸಿಸ್ಟಂ ಹಳೆಯದಾಯಿತು, ಇನ್ನು ನಾವು ಜವಾಬ್ದಾರರಲ್ಲ ಎಂಬ ನೋಟೀಸು ಬೇರೆ. ನಾನು ನಾಗರಾಜನಿಗೆ ಫೋನ್ ಮಾಡಿದೆ. ಕರೆಕ್ಟು ನಂಬರೇ ಹತ್ತಿತು, ನನ್ನ ಗ್ರಹಚಾರ.

ಮರುದಿನ ಭಾನುವಾರ ಅವನು ಬೆಳಿಗ್ಗೆಯೇ ಬಂದ. ಸುಮಿತ್ರ ಮನೆಯಲ್ಲಿರಲಿಲ್ಲ. ತ್ಯಾಮಗೊಂಡ್ಲಿನಲ್ಲಿ ನೆಂಟರ ಮಗುವಿಗೆ ನಾಮಕರಣ, ತಂಗಿಯನ್ನೂ ಕರೆದುಕೊಂಡು ಹೋಗಿದ್ದಳು. ನಾಗರಾಜ ಡಬ್ಬದ ಮುಂದೆ ಕೂತು, ಮೌಸನ್ನು ಎರಡು ಸಲ ಒತ್ತಿ, ನಾಡಿ ಹಿಡಿದ ಪಂಡಿತನ ಹಾಗೆ ತಲೆಯಾಡಿಸಿದ.

“ಅಣ್ಣ, ಡಬ್ಬ ದೇಹ ಇದ್ದಂಗೆ, ಓಎಸ್ಸು ಪ್ರಾಣ. ಪ್ರಾಣಕ್ಕೇ ರೋಗ ಬಂದೈತೆ.”

“ಅದಕ್ಕೇ ಕಣಯ್ಯ, ಅಪ್‌ಗ್ರೇಡ್ ಅಂತ ಏನೋ ಒತ್ತು ಅಂತ ಕೇಳ್ತಾ ಇದೆಯಲ್ಲ, ಒತ್ತಿಬಿಡು. ಇರೋದೆಲ್ಲ ಇದ್ದಂಗೇ ಇರುತ್ತಂತೆ.”

“ಅಯ್ಯೋ, ಅದೇ ಮಾಡ್ಬಾರ್ದು! ಕಸದ ಮೇಲೆ ಹೊಸ ಚಾಪೆ ಹಾಸ್ದಂಗೆ ಅದು. ಇಷ್ಟು ವರ್ಷದ ಗಲೀಜು, ವೈರಸ್ಸು ಎಲ್ಲ ಅಡಿಯಲ್ಲೇ ಇರುತ್ತೆ. ತೊಳೆದು ಹಾಕ್ಬಿಡೋಣ. ಬುಡದಿಂದ ಹೊಸದು. ಕುದುರೆ ಥರ ಓಡುತ್ತೆ ನೋಡು.”

ಹೀಗೆ ಒಂದು ಗಂಟೆ ವಾದ ನಡೆಯಿತು. ನಾನು ನನ್ನ ಮನೆ ಕಟ್ಟಿದ ನ್ಯಾಯ ಹೇಳಿದೆ, ಅವನು ಅವನ ಅಡುಗೆಮನೆ ಒಡೆದ ನ್ಯಾಯ ಹೇಳಿದ. ಕಂಪ್ಯೂಟರಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ, ಆದರೂ ಸೋಲಲು ಮನಸ್ಸಿಲ್ಲ.

ಪಕ್ಕದ ಮಗ್ಗದಲ್ಲಿ ಅಮ್ಮ ಕೂತು ಕೆಚ್ಚುತ್ತಿದ್ದಳು. ಕೆಚ್ಚುವುದೆಂದರೆ ಏನು ಎಂದು ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಕೆಟ್ಟದ್ದು ಅದರಿಂದಲೇ. ಮಗ್ಗದಲ್ಲಿ ಹಾಸು, ಅಂದರೆ ಉದ್ದಕ್ಕೆ ಹೂಡಿದ ನೂಲು, ಮುಗಿದಾಗ ಹಳೆಯ ಎಳೆಗಳನ್ನು ಪೂರ್ತಿ ಎಳೆದುಹಾಕುವುದಿಲ್ಲ. ಒಂದು ಮೊಳ ಮಗ್ಗದಲ್ಲೇ ಬಿಟ್ಟು ಕತ್ತರಿಸಿ, ಆ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸಿ, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆಯುತ್ತಾರೆ. ಆಮೇಲೆ ಮೆಲ್ಲಗೆ ಎಳೆದರೆ ಹಳೆಯದರ ಹಿಂದೆಯೇ ಹೊಸದು ತಾನಾಗಿ ಬಂದು ಜಾಗದಲ್ಲಿ ಕೂರುತ್ತದೆ. ಆ ಒಂದು ಮೊಳವನ್ನೂ ಕಿತ್ತುಬಿಟ್ಟರೆ ಮುಗಿಯಿತು, ಸಾವಿರಗಟ್ಟಲೆ ಎಳೆಗಳನ್ನು ಮೊದಲಿನಿಂದ ಪೋಣಿಸಬೇಕು, ಮಗ್ಗ ದಿನಗಟ್ಟಲೆ ನಿಂತುಹೋಗುತ್ತದೆ. ನಮ್ಮ ಬೀದಿಯಲ್ಲಿ ನಡೆಯಲು ಕಲಿತ ಕೂಸಿಗೂ ಇದು ಗೊತ್ತು.

ಅಮ್ಮ ತಲೆ ಎತ್ತದೆ ಹೇಳಿದಳು. “ಸುಮಿತ್ರ ಬರ್ಲಿ ತಡಿರಪ್ಪ. ಅವ್ಳು ಕೂರೋ ಜಾಗ ಅದು.”

“ಅವಳಿಗೇನಮ್ಮ ಗೊತ್ತಾಗುತ್ತೆ ಇದೆಲ್ಲ?” ಎಂದೆ. ದಿನವೂ ಆ ಯಂತ್ರದ ಮುಂದೆ ಕೂತು ಕೆಲಸ ಮಾಡುವವಳ ಬಗ್ಗೆ, ಅದನ್ನು ಆಯುಧಪೂಜೆಯಲ್ಲಿ ಮಾತ್ರ ಮುಟ್ಟುವವನು ಆಡಿದ ಮಾತು ಇದು. ನಾಗರಾಜನೂ ಹೌದೆಂದು ತಲೆಯಾಡಿಸಿದ. ಭಾನುವಾರದ ರಾಹುಕಾಲ ಸಂಜೆಗೆ, ಅದರೊಳಗೆ ಮುಗಿಸಿಬಿಡೋಣ ಎಂದ.

ಕೊನೆಗೆ ನಾನು ಒಪ್ಪಿದ್ದು ಒಂದು ಷರತ್ತಿನ ಮೇಲೆ. “ಕಿತ್ತು ಹಾಕು, ಆದ್ರೆ ಒಂದು ಮೊಳ ಹಳೇದು ಬಿಟ್ಟು ಮಾಡು.”

“ಡಿ ಡ್ರೈವ್ ನಾನ್ ಮುಟ್ಟಲ್ಲ ಬಿಡಣ್ಣ. ಬೇಕಾಗಿರೋದೆಲ್ಲ ಅದ್ರಲ್ಲೇ ಇರುತ್ತಲ್ಲ?”

“ಎಲ್ಲಾ ಇದೆ” ಎಂದೆ. ಡಿ ಡ್ರೈವ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಆ ಒಂದು ಮೊಳಕ್ಕೆ ಕಂಪ್ಯೂಟರಿನವರು ಇಟ್ಟ ಹೆಸರು ಅದೇ ಇರಬೇಕು, ಹಳೆಯದೆಲ್ಲ ಅಲ್ಲಿಗೆ ಅಂಟಿಕೊಂಡೇ ಇರುತ್ತದೆ, ಹೊಸದು ಅದರ ಹಿಂದೆ ಬರುತ್ತದೆ ಎಂದುಕೊಂಡೆ. ನಗಬೇಡಿ. ನಾಗರಾಜ ‘ಒತ್ತಲಾ ಅಣ್ಣ?’ ಎಂದು ಕೇಳಿದಾಗ ‘ಒತ್ತು ಒತ್ತು’ ಎಂದು ಗತ್ತಿನಿಂದ ಹೇಳಿದವನು ನಾನೇ.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಹೊಸ ಪರದೆ ಸುಣ್ಣ ಬಳಿದ ಗೋಡೆಯ ಹಾಗೆ ಖಾಲಿ ಖಾಲಿ. ಸ್ವಿಚ್ ಹಾಕಿದರೆ ಕೆಮ್ಮುವಷ್ಟರಲ್ಲಿ ಎದ್ದು ಕೂರುತ್ತಿತ್ತು. ಇಬ್ಬರೂ ಅದನ್ನು ಐದಾರು ಸಲ ಆರಿಸಿ ಹಚ್ಚಿ ನೋಡಿ ಖುಷಿಪಟ್ಟೆವು. ವೆಂಕಟೇಶಪ್ಪನವರೆಂದು ಬೀದಿಯ ಆ ತುದಿಯಲ್ಲಿ ಮಗ್ಗ ಇಟ್ಟವರು ಯಾವುದೋ ಕೆಲಸಕ್ಕೆ ಬಂದರು, ಅವರಿಗೂ ಆರಿಸಿ ಹಚ್ಚಿ ತೋರಿಸಿದೆವು.

ಸಾಯಂಕಾಲ ಸುಮಿತ್ರ ಬಂದಳು. ಮುಡಿಯಲ್ಲಿ ಕನಕಾಂಬರ, ಕೈಯಲ್ಲಿ ತಾಂಬೂಲದ ಚೀಲ, ಒಳ್ಳೆಯ ಊಟವಾದ ಮುಖ. ನಾನು ಅವಳನ್ನು ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದೆ. ಅವಳು ಪರದೆ ನೋಡಿದಳು. ಮೌಸ್ ಹಿಡಿದು ಅಲ್ಲಿ ಇಲ್ಲಿ ಹುಡುಕಿದಳು.

“ರೀ, ನನ್ನ ಹನ್ನೆರಡು ಎಲ್ಲಿ?”

“ಡಿ ಡ್ರೈವಲ್ಲಿ ಇರುತ್ತಕ್ಕ” ಎಂದ ನಾಗರಾಜ.

“ನಾನು ಅಲ್ಲಿ ಯಾವತ್ತೂ ಏನೂ ಇಟ್ಟಿಲ್ವಲ್ಲಪ್ಪ. ಎಲ್ಲಾ ಇಲ್ಲೇ ಮುಂದೇನೇ ಇತ್ತು. ಕಣ್ಣಿಗೆ ಕಾಣೋ ಹಾಗೆ.”

“ಮುಂದೆ ಕಾಣೋದೆಲ್ಲ ಸಿ ಡ್ರೈವಕ್ಕ, ತೊಳೆದಿದ್ದು ಅದನ್ನೇ” ಎಂದ ನಾಗರಾಜ. ಆದರೂ ಮೌಸ್ ಇಸಿದುಕೊಂಡು ಡಿ ಡ್ರೈವ್ ತೆರೆದ. ಅದರಲ್ಲಿ ಒಂದೇ ಒಂದು ಮದುವೆಯ ವಿಡಿಯೋ ಇತ್ತು. ಯಾರ ಮದುವೆಯೋ ಇವತ್ತಿಗೂ ಗೊತ್ತಿಲ್ಲ, ಡಬ್ಬದ ಮೊದಲ ಯಜಮಾನರದ್ದಿರಬೇಕು. ನಾನು ಅಷ್ಟು ಜೋಪಾನವಾಗಿ ಉಳಿಸಿದ ಒಂದು ಮೊಳ ಅದು.

ಸುಮಿತ್ರ ಕೂಗಾಡಲಿಲ್ಲ. ಕೂಗಾಡಿದ್ದರೆ ಪರವಾಗಿರಲಿಲ್ಲ. “ಈ ಮನೇಲಿ ನಂದು ಅಂತ ಇದ್ದಿದ್ದು ಅದೊಂದೇ ಕಣ್ರೀ. ಕೇಳ್ಬೇಕು ಅಂತಾನೂ ಅನ್ನಿಸ್ಲಿಲ್ವಾ ನಿಮ್ಗೆ?” ಎಂದಳು. ಎದ್ದು ಒಳಗೆ ಹೋಗಿ ಸೀರೆ ಬದಲಾಯಿಸಿ ಒಲೆ ಹಚ್ಚಿದಳು. ಆ ರಾತ್ರಿಯ ಸಾರಿಗೆ ಉಪ್ಪು ಬಿದ್ದಿರಲಿಲ್ಲ, ಅಮ್ಮನೂ ನಾನೂ ಹಾಗೆಯೇ ಉಂಡೆವು.

ಅಳಿಸಿದ್ದನ್ನು ವಾಪಸ್ ತರುವವನೊಬ್ಬ ಹೊಸಕೋಟೆಯಲ್ಲಿದ್ದಾನೆ ಎಂದು ನಾಗರಾಜ ಪತ್ತೆ ಮಾಡಿದ. ಡಬ್ಬವನ್ನು ಸ್ಕೂಟರಿನಲ್ಲಿ ನಡುವೆ ಕೂರಿಸಿಕೊಂಡು ಇಬ್ಬರೂ ಹೋದೆವು. ಅವನು ಎರಡು ದಿನ ಇಟ್ಟುಕೊಂಡು, ‘ಸುಮಾರು ಬಂದಿದೆ ಸಾರ್’ ಎಂದ. ಏನು ಬಂದಿತ್ತು ಗೊತ್ತೆ? ಬಂಧುಬಳಗದವರು ಕಳಿಸಿದ್ದ ಶುಭೋದಯದ ಚಿತ್ರಗಳು, ಗುಲಾಬಿಯ ಜೊತೆಗೆ, ಸೂರ್ಯನ ಜೊತೆಗೆ, ಕಾಫಿ ಲೋಟದ ಜೊತೆಗೆ, ನೂರಾರು. ನನ್ನ ಪಡಿತರ ಚೀಟಿಯ ಒಂದೇ ಪ್ರತಿ ಹದಿನಾಲ್ಕು ಸಲ. ಸಕ್ಕರೆ ಕಾಯಿಲೆಗೆ ಮೆಂತ್ಯದ ಉಪಾಯ. ಅಳಿಸಿಹೋಗಲಿ ಎಂದು ಎಷ್ಟು ವರ್ಷ ಹರಸಿಕೊಂಡರೂ ಹೋಗದ ಕಸವೆಲ್ಲ ಗಟ್ಟಿಮುಟ್ಟಾಗಿ ಎದ್ದು ಬಂದಿತ್ತು. ಸುಮಿತ್ರಳದೆಂದು ಸಿಕ್ಕಿದ್ದು ಒಂದು ಹಂಸದ ಅರ್ಧ ಕತ್ತು.

ಇದಾದ ಮೇಲೆ ಅವಳು ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಅಡುಗೆ ಮಾಡಿದಳು, ಅಮ್ಮನ ಜೊತೆ ಕೆಚ್ಚಿದಳು, ಅಷ್ಟೇ. ಇತ್ತ ನಾನು ಕೊಡುತ್ತೇನೆಂದು ಒಪ್ಪಿಕೊಂಡಿದ್ದ ನವಿಲಿನ ಅಂಚಿಗೆ ವೆಂಕಟೇಶಪ್ಪನವರು ದಿನವೂ ಫೋನ್ ಮಾಡುತ್ತಿದ್ದರು. ಡಿಸೈನ್ ಮೇಷ್ಟ್ರು ಎನ್ನಿಸಿಕೊಂಡ ಮೇಲೆ ಏನು ಮಾಡುವುದು? ನಾನೇ ಕೂತೆ. ಮೂರು ದಿನ ಬೆವರು ಸುರಿಸಿ ಒಂದು ನವಿಲು ಬರೆದು ಒಯ್ದೆ. ವೆಂಕಟೇಶಪ್ಪನವರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

“ಏನ್ ಮೇಷ್ಟ್ರೇ ಇದು, ಕೋಳೀನಾ?”

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಳುವುದೊಂದು ಬಾಕಿ. “ಡಿಸೈನ್ ಮಾಡೋದು ನಾನಲ್ಲ ವೆಂಕಟೇಶಪ್ನೋರೇ, ನಮ್ಮನೆಯವಳು. ಮೊದ್ಲಿಂದ್ಲೂ ಅವಳೇ” ಎಂದುಬಿಟ್ಟೆ.

“ಅದು ಊರಿಗೇ ಗೊತ್ತಲ್ಲ ಸ್ವಾಮಿ. ನೀವೊಬ್ರು ಹೇಳೋದು ಬಾಕಿ ಇತ್ತು” ಎಂದು ಅವರು ಕಾಫಿಗೆ ಹೇಳಿದರು.

ಮನೆಗೆ ಬಂದು ಸುಮಿತ್ರಳಿಗೆ ನಡೆದದ್ದನ್ನು ಹೇಳಿದೆ. ಕೋಳಿಯ ಮಾತಿಗೆ ಸ್ವಲ್ಪ ನಕ್ಕಳು. ಆ ಸಲಿಗೆಯಲ್ಲಿ ನಾನು, “ಹನ್ನೆರಡನ್ನೂ ಮತ್ತೆ ಬರಿ ಕಣೇ. ಇಬ್ಬರೂ ಕೂತು ನೆನಪು ಮಾಡ್ಕೊಳ್ಳೋಣ. ನಾನೂ ನೋಡಿದೀನಲ್ಲ” ಎಂದೆ.

“ನೋಡಿದೀರಾ?”

“ಒಂದೊಂದೂ ಮುಗಿದಾಗ ಕರೀತಿದ್ದೆಯಲ್ಲ, ಬಂದು ನೋಡಿ ಚೆನ್ನಾಗಿದೆ ಅಂತಿರ್ಲಿಲ್ವಾ?”

“ಹಾಗಾದ್ರೆ ಹೇಳಿ, ಮೂರನೇದ್ರಲ್ಲಿ ಏನಿತ್ತು?”

ಯೋಚಿಸಿದೆ. ಹಂಸ ಎನ್ನೋಣವೆಂದರೆ ಅದು ಎಷ್ಟನೆಯದೋ. ಮಾವಿನಕಾಯಿ ಎಂದರೆ ಎಲ್ಲ ಅಂಚಿನಲ್ಲೂ ಇರುತ್ತದೆ. “ಹೋಗ್ಲಿ, ಯಾವುದಾದ್ರೂ ಒಂದು ಹೇಳಿ” ಎಂದಳು. ಹನ್ನೆರಡರಲ್ಲಿ ಒಂದೂ ನನ್ನ ಕಣ್ಣ ಮುಂದೆ ಬರಲಿಲ್ಲ. ಒಂದು ವರ್ಷ ಅವಳ ಬೆನ್ನ ಹಿಂದೆ ಓಡಾಡಿದ್ದೆ. ಪಂಚೆಯ ಅಂಚು ನೋಡುತ್ತ ನಿಂತೆ.

ಆ ಹನ್ನೆರಡನ್ನು ಅವಳು ಮತ್ತೆ ಬರೆಯಲೇ ಇಲ್ಲ. ಪೇಟೆಯ ಅಂಗಡಿಯವರು ಬೇರೆಯವರ ಕಡೆ ಹೋದರು. ಆದರೆ ಆರು ತಿಂಗಳಾದ ಮೇಲೆ ಬಂದ ಹೊಸ ಕಂಪ್ಯೂಟರನ್ನು ಅವಳೇ ನೋಡಿ ಆರಿಸಿದಳು, ಅವಳೇ ಎಲ್ಲ ಜೋಡಿಸಿಕೊಂಡಳು, ಪಾಸ್‌ವರ್ಡನ್ನೂ ಅವಳೇ ಇಟ್ಟಳು. ನನಗೆಂದು ಅದರಲ್ಲಿ ‘ಗೆಸ್ಟ್’ ಎಂದು ಒಂದು ಜಾಗ ಕೊಟ್ಟಿದ್ದಾಳೆ, ಅಲ್ಲಿ ಇಸ್ಪೀಟು ಆಡಬಹುದು. ಅವಳು ಬರೆದದ್ದು ಈಗ ಅವಳ ಹೆಸರಿನಲ್ಲೇ ಹೋಗುತ್ತದೆ. ಮುಗಿದಾಗ ನನ್ನನ್ನು ಕರೆದು ತೋರಿಸುವುದನ್ನು ಮಾತ್ರ ನಿಲ್ಲಿಸಿದಳು. ನಾನೂ ಕೇಳಲಿಲ್ಲ, ಯಾವ ಬಾಯಲ್ಲಿ ಕೇಳಲಿ? ಇನ್ನು ನಾಗರಾಜ ಎಷ್ಟು ಹೆದರಿದ್ದಾನೆಂದರೆ, ನನ್ನ ಸ್ಕೂಟರ್ ಕೇಳಿ ಪಡೆಯುವಾಗಲೂ ‘ಬ್ಯಾಕಪ್ ಇದ್ಯಾ ಅಣ್ಣ?’ ಎನ್ನುತ್ತಾನೆ.

ಅಪ್‌ಗ್ರೇಡ್ ಒಳ್ಳೆಯದೋ ಬುಡದಿಂದ ಹಾಕುವುದು ಒಳ್ಳೆಯದೋ ಎಂದು ಈಗಲೂ ಕೆಲವರು ನನ್ನನ್ನು ಕೇಳುವುದುಂಟು, ಅನುಭವಸ್ಥನೆಂದು. ಯಂತ್ರ ಯಾರದು ಎಂದು ಮೊದಲು ಕೇಳಿಕೊಳ್ಳಿ ಎನ್ನುತ್ತೇನೆ. ಅವರಿಗೆ ಸಮಾಧಾನವಾಗುವುದಿಲ್ಲ, ಬೇರೆಯವರನ್ನು ಕೇಳಲು ಹೋಗುತ್ತಾರೆ.

ನಿನ್ನೆ ನೆಲ ಗುಡಿಸಿ ಡಬ್ಬವನ್ನು ಅಟ್ಟಕ್ಕೆ ತಳ್ಳಿ ಕೆಳಗಿಳಿಯುತ್ತಿದ್ದೆ. ಒಳಗಿನಿಂದ ಸುಮಿತ್ರಳ ದನಿ ಬಂತು.

“ರೀ, ಒಂದು ಮುಗೀತು. ನೋಡ್ಬನ್ನಿ.”

ಎಷ್ಟೋ ಕಾಲದ ಮೇಲೆ ಕರೆದಿದ್ದಳು. ಕೈ ತೊಳೆದುಕೊಂಡೆ, ಕನ್ನಡಕ ಹಾಕಿಕೊಂಡೆ, ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಮಲ್ಲಿಗೆಯ ಬಳ್ಳಿ, ನಡುನಡುವೆ ಗಿಳಿ. ಒಂದು ತುದಿಯಿಂದ ಶುರುಮಾಡಿ ಒಂದೊಂದೇ ಹೂವನ್ನು, ಒಂದೊಂದೇ ಎಲೆಯನ್ನು ನೋಡಿದೆ. ಅವಳು ಅವಸರ ಮಾಡಲಿಲ್ಲ. ಇನ್ನೊಂದು ತುದಿ ಮುಟ್ಟಿ, ಅನುಮಾನ ಬಂದು ಮತ್ತೆ ಹಿಂದಕ್ಕೆ ಬಂದೆ. ಹೇಳಲೋ ಬೇಡವೋ ಎಂದು ಹೆದರಿಕೆಯಾಯಿತು.

“ನಾಲ್ಕನೇ ಹೂವಿಗೆ ಐದೇ ಎಸಳು ಇದೆ ಕಣೇ. ಮಿಕ್ಕಿದ್ದಕ್ಕೆಲ್ಲ ಆರು.”

ಅವಳು ಪರದೆಯ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

“ಗೊತ್ತು. ಬೇಕಂತ್ಲೇ ಬಿಟ್ಟಿದ್ದು.”

“ಯಾಕೆ?”

“ನೀವು ನೋಡಿ ಹೇಳಿದ್ಮೇಲೆ ಸರಿ ಮಾಡೋಣ ಅಂತ” ಎಂದಳು. ಮೌಸ್ ಹಿಡಿದು ಆರನೆಯ ಎಸಳನ್ನು ಬರೆದಳು. ಆಮೇಲೆ ಮೆಲ್ಲಗೆ ಹೇಳಿದಳು.

“ಆ ಹನ್ನೆರಡರಲ್ಲೂ ಹಿಂಗೇ ಒಂದೊಂದು ತಪ್ಪು ಬಿಟ್ಟಿದ್ದೆ ಕಣ್ರೀ.”